ತುಂಬಿದ ಛತ್ರ, ತುಂಬಿದ ದಿನ

(ಕ್ರಿಸ್ತಜಯಂತಿಯ ಹಗಲಿನ ಬಲಿಪೂಜೆಯ ಪ್ರಬೋಧನೆ. ಶುಭಸಂದೇಶ: ಯೊವಾನ್ನ 1:1-18)



ಇಂಗ್ಲಿಷಿನಲ್ಲಿ 'ಪ್ಲೆನಿಟ್ಯೂಡ್' ಎಂಬ ಪದವೊಂದಿದೆ. ಅದು ಸಂತೆಯಲ್ಲೋ ಬಸ್ಸಿನಲ್ಲೋ ಕೇಳಿಬರುವ ಮಾತಲ್ಲ. ಗಂಭೀರ ಬರಹಗಳಲ್ಲಿ, ದೈವಶಾಸ್ತ್ರದ ಪುಸ್ತಕಗಳಲ್ಲಿ ಕಾಣಸಿಗುವ ಪದ. ಅದರ ಬೇರು ಲ್ಯಾಟಿನ್ನಿನ 'ಪ್ಲೆನಸ್', ಅಂದರೆ 'ತುಂಬಿದ'. ನಮಗೆಲ್ಲ ಪರಿಚಯವಿರುವ 'ಪ್ಲೆಂಟಿ' ಕೂಡ ಅದೇ ಬೇರಿನದು. ಆದರೆ ಈ ಅಕ್ಕತಂಗಿಯರ ಗುಣ ಬೇರೆ ಬೇರೆ. ಪ್ಲೆಂಟಿ ಎಂದರೆ ಬೇಕಾದಷ್ಟು, ಹೇರಳ. ಪ್ಲೆನಿಟ್ಯೂಡನ್ನೂ ಕೆಲವೊಮ್ಮೆ ಹಾಗೆ ಬಳಸುವುದುಂಟು. ಆದರೆ ಅದರ ನಿಜವಾದ ತೂಕವಿರುವುದು ಪೂರ್ಣತೆಯಲ್ಲಿ, ಯಾವ ಕೊರತೆಯೂ ಇಲ್ಲದ ಸ್ಥಿತಿಯಲ್ಲಿ.

ಇಂದಿನ ಶುಭಸಂದೇಶದಲ್ಲಿ ಸಂತ ಯೊವಾನ್ನರು ಹೇಳುವುದು ಈ ಪೂರ್ಣತೆಯನ್ನೇ. ಗ್ರೀಕ್ ಮೂಲದಲ್ಲಿ ಅದು 'ಪ್ಲೆರೋಮ'; ಸಂತ ಜೆರೋಮರ ಲ್ಯಾಟಿನ್ ಬೈಬಲಿನಲ್ಲಿ 'ಪ್ಲೆನಿತೂದೊ'. ನಮಗೆ ದೊರೆತ ಕೃಪೆಯೆಲ್ಲವೂ ಕ್ರಿಸ್ತರ ಪೂರ್ಣತೆಯಿಂದಲೇ ಬಂದದ್ದು ಎಂಬುದು ಯೊವಾನ್ನರ ಸಾಕ್ಷ್ಯ. ಸಂತ ಪೌಲರೂ ಗಲಾತ್ಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ದೇವರು ತಮ್ಮ ಪುತ್ರನನ್ನು ಕಳುಹಿಸಿದ ಗಳಿಗೆಯನ್ನು ಕಾಲದ ಪೂರ್ಣತೆ ಎಂದೇ ಕರೆಯುತ್ತಾರೆ.

ಕಾಲ ತುಂಬುವುದು ಎಂದರೇನು? ಪಂಡಿತರು ಪುಟಗಟ್ಟಲೆ ವಿವರಿಸಬಹುದು. ನಮ್ಮ ತಾಯಂದಿರಿಗೆ ಒಂದೇ ಮಾತು ಸಾಕು: "ದಿನ ತುಂಬಿದೆ." ಒಂಬತ್ತು ತಿಂಗಳು ಹೊತ್ತವಳನ್ನು ನಾವು ತುಂಬು ಗರ್ಭಿಣಿ ಎನ್ನುತ್ತೇವೆ. ನಿನ್ನೆ ರಾತ್ರಿ ಕೇಳಿದ ಲೂಕರ ಶುಭಸಂದೇಶದ ಗ್ರೀಕ್ ಮೂಲವೂ ಹೀಗೆಯೇ ಮಾತನಾಡುತ್ತದೆ. ಬೆತ್ಲೆಹೇಮಿನಲ್ಲಿ ಮಾತೆ ಮರಿಯಮ್ಮನವರ ದಿನಗಳು ತುಂಬಿದವು.

ಆ ರಾತ್ರಿ ಅಲ್ಲಿ ತುಂಬಿದ್ದು ಎರಡು. ಒಂದು ತಾಯಿಯ ಒಡಲು, ಇನ್ನೊಂದು ಊರಿನ ಛತ್ರ. ತುಂಬಿದ ಛತ್ರದಲ್ಲಿ ತುಂಬು ಗರ್ಭಿಣಿಗೆ ಸ್ಥಳ ಸಿಗಲಿಲ್ಲ. ಛತ್ರದವರು ಕೆಟ್ಟವರೆಂದು ಲೂಕರು ಎಲ್ಲೂ ಬರೆದಿಲ್ಲ. ಜಾಗವಿರಲಿಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ವಾರದಲ್ಲಿ ಮನೆಭೇಟಿಗೆ ಹೊರಟಿದ್ದೆ. ಒಂಟಿಯಾಗಿದ್ದ ಅಜ್ಜಿಯೊಬ್ಬರ ಮೇಜಿನ ಮೇಲೆ ನೆರೆಹೊರೆಯವರು ಕಳುಹಿಸಿದ್ದ ತಿಂಡಿಯ ತಟ್ಟೆಗಳು ಸಾಲಾಗಿದ್ದವು: ಕಲ್‌ಕಲ್, ಕರ್ಜಿಕಾಯಿ, ಕೇಕು. "ತಿನ್ನೋಕೆ ತುಂಬಾ ಇದೆ ಸ್ವಾಮಿ. ತಟ್ಟೆ ತಂದೋರೆಲ್ಲ ಬಾಗಿಲಲ್ಲೇ ಕೊಟ್ಟು ಹೋದ್ರು. ನೀವಾದ್ರೂ ಸ್ವಲ್ಪ ಕೂತ್ಕೊಳ್ಳಿ" ಎಂದರು. ನನ್ನ ಪಟ್ಟಿಯಲ್ಲಿ ಇನ್ನೂ 14 ಮನೆಗಳಿದ್ದವು. ಆಶೀರ್ವಾದ ಕೊಟ್ಟು ನಿಂತಲ್ಲಿಂದಲೇ ಹೊರಟೆ. ಮರುವರ್ಷ ಕ್ರಿಸ್ಮಸ್ಸಿಗೆ ಹೋದಾಗ ಆ ಮನೆಗೆ ಬೀಗ ಬಿದ್ದಿತ್ತು. ಅಜ್ಜಿ ತೀರಿಕೊಂಡಿದ್ದರು. ಅಂದು ಆ ತುಂಬಿದ ಛತ್ರ ನಾನೇ ಆಗಿದ್ದೆ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತದೆ ನಮ್ಮ ಗಾದೆ. ವಿನಯದ ವಿಷಯದಲ್ಲಿ ಅದು ನಿಜ. ಆದರೆ ದೇವರ ಪೂರ್ಣತೆ ತುಳುಕುವ ಪೂರ್ಣತೆ. ಸಕಲ ಪೂರ್ಣತೆಯುಳ್ಳ ಕ್ರಿಸ್ತರು ತಮ್ಮನ್ನೇ ಬರಿದುಮಾಡಿಕೊಂಡರೆಂದು ಪೌಲರು ಫಿಲಿಪ್ಪಿಯರಿಗೆ ಬರೆಯುತ್ತಾರೆ. ಕೊಟ್ಟು ಬರಿದಾಗುವುದೇ ಅವರು ತೋರಿದ ಪೂರ್ಣತೆ. ಅದಕ್ಕಾಗಿಯೇ ಅವರಿಗೆ ಛತ್ರವಲ್ಲ, ಒಂದು ಬರಿಯ ಗೋದಲಿ ಸಾಕಾಯಿತು.

ಪ್ರಿಯರೇ, ಇಂದು ನಮ್ಮ ಮನೆಗಳು ತುಂಬಿವೆ. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಪೂಜೆ ಮುಗಿಸಿ ಹೋಗುವಾಗ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ತಟ್ಟೆ ಹಿಡಿದು ಯಾರ ಮನೆಗಾದರೂ ಹೋದರೆ ಬಾಗಿಲಲ್ಲೇ ಹಿಂದಿರುಗಬೇಡಿ. ಒಳಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಅವರು ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಿ. ನಾನಂತೂ ಈ ವರ್ಷ ನನ್ನ ಪಟ್ಟಿಯನ್ನು ಚಿಕ್ಕದು ಮಾಡಿಕೊಂಡಿದ್ದೇನೆ.

ನಮ್ಮ ಬರಿದಾದ ಅರ್ಧ ಗಂಟೆಯನ್ನು ಬಾಲಯೇಸು ತಮ್ಮ ಪೂರ್ಣತೆಯಿಂದ ತುಂಬಲಿ. ಆಮೆನ್.