ಆಟವೂ ತೂಕವೂ



ಮಕ್ಕಳನ್ನೂ ತರುಣರನ್ನೂ ದೈಹಿಕ ಚಟುವಟಿಕೆಗೆ ಪ್ರೇರಿಸುವುದು ಹೇಗೆ, ಅವರನ್ನು ಸ್ಥೂಲತೆಯಿಂದ ಕಾಪಾಡುವುದು ಹೇಗೆ ಎಂಬ ಪ್ರಶ್ನೆಗೆ ಎರಡು ದಿನಗಳನ್ನು ಮೀಸಲಿಟ್ಟಿರುವ ಮೈಸೂರಿನ ಈ ವಿದ್ವತ್ಸಭೆಯಲ್ಲಿ ಆಶಯದ ಮಾತನ್ನಾಡುವ ಗೌರವವನ್ನು ನನಗೆ ಕೊಟ್ಟಿದ್ದೀರಿ. ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಬಹುಕಾಲದಿಂದ ನಾನು ನಂಬಿಕೊಂಡು ಬಂದಿರುವ, ವೈದ್ಯಮಿತ್ರರಲ್ಲಿ ಅನೇಕರಿಗೆ ಇನ್ನೂ ಒಪ್ಪಿಗೆಯಾಗದಿರುವ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ: ಆಟವನ್ನು ಸ್ಥೂಲತೆಗೆ ಔಷಧವೆಂದು ಸಾರಿ, ಆ ಔಷಧದ ಫಲವನ್ನು ತಕ್ಕಡಿಯಲ್ಲಿ ಹುಡುಕಲು ತೊಡಗಿದಂದಿನಿಂದ ನಮ್ಮ ಶಾಸ್ತ್ರವು ದಾರಿ ತಪ್ಪಿದೆ.

ಪೂರ್ವೇತಿಹಾಸವನ್ನು ವಿಸ್ತರಿಸುವ ಅಗತ್ಯವಿಲ್ಲ. ಅದನ್ನು ಬಲ್ಲವರೇ ಇಲ್ಲಿ ಸೇರಿದ್ದಾರೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗವು ಕಡಮೆಯೆಂದು 1953ರಲ್ಲಿ ಜೆರಿ ಮಾರಿಸ್ ತೋರಿಸಿಕೊಟ್ಟುದು ತಮಗೆ ತಿಳಿದೇ ಇದೆ. ಶರೀರದ ಶಕ್ತಿವ್ಯಯವನ್ನು ಅಳೆಯುವುದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯವರು ಮಾಡಿರುವ ಕಾರ್ಯವನ್ನು ಅವರ ಬಾಯಿಂದಲೇ ಮಧ್ಯಾಹ್ನ ಕೇಳಲಿದ್ದೇವೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಲನೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅಂಕಿಗಳನ್ನು ನೋಡಿದರೆ ಜಗತ್ತಿನ ಹದಿಹರೆಯದವರಲ್ಲಿ ನೂರಕ್ಕೆ 81 ಮಂದಿ, ಹುಡುಗಿಯರಲ್ಲಂತೂ 85 ಮಂದಿ, ಅಷ್ಟನ್ನು ಮುಟ್ಟುತ್ತಿರಲಿಲ್ಲ. ಇದರಲ್ಲಿ ವಿವಾದವಿಲ್ಲ.

ವಿವಾದವಿರುವುದು ಕಾರ್ಯಕಾರಣದಲ್ಲಿ. ಮಗು ಆಡದುದರಿಂದ ಸ್ಥೂಲವಾಯಿತೆ, ಸ್ಥೂಲವಾದುದರಿಂದ ಆಟವನ್ನು ಬಿಟ್ಟಿತೆ? ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ ಸುಮಾರು 200 ಮಕ್ಕಳನ್ನು ಏಳನೆಯ ವಯಸ್ಸಿನಿಂದ ಹತ್ತನೆಯ ವಯಸ್ಸಿನವರೆಗೆ, ಸೊಂಟಕ್ಕೆ ಚಲನಮಾಪಕವನ್ನು ಕಟ್ಟಿ, ಕೊಬ್ಬನ್ನು ಅಳೆದು, ವರ್ಷ ವರ್ಷವೂ ಪರೀಕ್ಷಿಸಿದ ವಿದ್ವಾಂಸರಿಗೆ ಕಂಡುಬಂದುದು ಲೋಕವೆಲ್ಲ ನಂಬಿದ್ದುದಕ್ಕೆ ವಿಪರೀತವಾದುದು: ಮೊದಲು ಕೊಬ್ಬು ಹೆಚ್ಚಿದ್ದ ಮಗುವಿನಲ್ಲಿ ಮುಂದೆ ಚಲನೆಯು ತಗ್ಗಿತೇ ಹೊರತು, ಮೊದಲು ಚಲನೆ ಕಡಮೆಯಿದ್ದ ಮಗುವಿನಲ್ಲಿ ಮುಂದೆ ಕೊಬ್ಬು ಹೆಚ್ಚಲಿಲ್ಲ. ಮುಂದೆ ಅದೇ ಗುಂಪಿನವರು ಮಕ್ಕಳ ಚಲನೆಯನ್ನು ಹೆಚ್ಚಿಸಲು ನಡೆದ 30 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಅಷ್ಟೆಲ್ಲ ಪ್ರಯತ್ನದಿಂದ ದೊರೆತ ಲಾಭವು ದಿನಕ್ಕೆ ಸುಮಾರು ನಾಲ್ಕು ನಿಮಿಷಗಳ ನಡಿಗೆ ಅಥವಾ ಓಟ. ಒಂದೂರಿನ ಅಧ್ಯಯನವೊಂದರಿಂದ ಸಿದ್ಧಾಂತವನ್ನು ಕಟ್ಟಲಾಗದೆಂಬ ಆಕ್ಷೇಪವನ್ನು ನಾನು ಬಲ್ಲೆ, ಗೌರವಿಸುತ್ತೇನೆ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ನಾಡಿನಲ್ಲಿ ಅದು ಮತ್ತಷ್ಟು ಜಟಿಲವಾಗುತ್ತದೆ.

ಏಕೆಂದರೆ ಇದೇ ಮೈಸೂರಿನಲ್ಲಿ, ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಜನಿಸಿದ ಶಿಶುಗಳನ್ನು ಅಳೆದವರು, ಬ್ರಿಟನ್ನಿನ ಶಿಶುಗಳಿಗಿಂತ ಅವು ಹಗುರವಾಗಿದ್ದರೂ ಬೆನ್ನಿನ ಚರ್ಮದ ಅಡಿಯ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿಲ್ಲವೆಂದು ಕಂಡರು. ಪುಣೆಯ ಸಂಶೋಧಕರಾದ ಯಾಜ್ಞಿಕ್ ಅವರೂ ಇಂಥದನ್ನೇ ಹೇಳಿದ್ದಾರೆ. ನಮ್ಮ ಮಗು ತೆಳ್ಳಗೆ ಕಾಣುತ್ತದೆ, ಒಳಗೆ ಕೊಬ್ಬಿದೆ, ಸ್ನಾಯು ಕಡಮೆ. ಪ್ಲಿಮತ್ತಿನ ಮಗು ಕೊಬ್ಬಿನಿಂದಾಗಿ ಆಟವನ್ನು ಬಿಟ್ಟಿತೆನ್ನುವುದಾದರೆ, ನಮ್ಮ ಈ ಕೃಶಕಾಯದ ಮಗುವು ಸ್ನಾಯುಬಲ ಸಾಲದೆ ಲಗೋರಿಯ ಎರಡನೆಯ ಸುತ್ತಿಗೇ ದಣಿದು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತದೆಯೆ? ಕುಳಿತು ಕುಳಿತು ಸ್ನಾಯು ಇನ್ನೂ ಕುಗ್ಗಿ, ತರುಣಾವಸ್ಥೆಯಲ್ಲಿ ಹೊಟ್ಟೆ ಬಂದು, ಮೂವತ್ತರಲ್ಲಿ ಸಕ್ಕರೆ ಕಾಯಿಲೆಗೆ ತುತ್ತಾಗುತ್ತದೆಯೆ? ಸಭೆಯಲ್ಲಿರುವ ಕಿರಿಯ ಸಂಶೋಧಕರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಎತ್ತಿಕೊಂಡರೆ ನಾನು ಇಲ್ಲಿಗೆ ಬಂದುದು ಸಾರ್ಥಕ. ದೇಹತೂಕದ ಸೂಚ್ಯಂಕವೊಂದನ್ನೇ ಹಿಡಿದವರಿಗೆ ತೆಳ್ಳಗಿನ ಮಗುವಿನೊಳಗಿನ ಈ ಕೊಬ್ಬು ಕಾಣಿಸಲಾರದು.

ಮಧ್ಯದಲ್ಲಿ ಒಂದು ಪ್ರಸಂಗವನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ಒಂದು ಶಾಲೆಯ ಆರೋಗ್ಯ ತಪಾಸಣೆಗೆ ಹೋಗಿದ್ದಾಗ, ಸಾಲಾಗಿ ನಿಂತ ಮಕ್ಕಳ ತೂಕವನ್ನು ಒಬ್ಬರು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ದುಂಡಗಿದ್ದ ಹುಡುಗನೊಬ್ಬನ ಸರದಿ ಬಂದಾಗ ಸಾಲೆಲ್ಲ ನಕ್ಕಿತು. ಸ್ವಲ್ಪ ಕಾಲದ ಮೇಲೆ ಮತ್ತೆ ಅಲ್ಲಿಗೆ ಹೋದಾಗ, ಆಟದ ಪೀರಿಯಡ್ಡಿನಲ್ಲಿ ಆ ಹುಡುಗ ಕಾಲುನೋವೆಂದು ಹೇಳಿ ತರಗತಿಯಲ್ಲೇ ಕುಳಿತಿದ್ದ. ಸಿಂಗಪುರದಲ್ಲಿ ಇದು ರಾಷ್ಟ್ರವ್ಯಾಪಿಯಾಗಿಯೇ ನಡೆಯಿತು: 1992ರಿಂದ ತೂಕ ಹೆಚ್ಚಿದ ಮಕ್ಕಳನ್ನು ಬೇರ್ಪಡಿಸಿ ವಿಶೇಷ ವ್ಯಾಯಾಮವನ್ನು ಮಾಡಿಸಿದರು, ಸ್ಥೂಲರ ಪ್ರಮಾಣವೇನೋ ತಗ್ಗಿತು, ಆದರೆ ಆ ಮಕ್ಕಳು ಸಹಪಾಠಿಗಳ ಗೇಲಿಗೆ ಗುರಿಯಾದರೆಂಬ ದೂರು ಬೆಳೆಯಿತು. 2007ರಲ್ಲಿ ಅದನ್ನು ಕೈಬಿಟ್ಟು ಎಲ್ಲ ಮಕ್ಕಳಿಗೂ ಸಲ್ಲುವ ಕಾರ್ಯಕ್ರಮವನ್ನು ತಂದರು.

ಎಲ್ಲ ಮಕ್ಕಳಿಗೂ ಎಂಬುದೇ ನನ್ನ ವಾದದ ಜೀವಾಳ. ನಮ್ಮ ದೇಶದ ಹದಿಹರೆಯದವರಲ್ಲಿ ನೂರಕ್ಕೆ 24 ಮಂದಿ ಕೃಶರು, 5 ಮಂದಿ ಅತಿತೂಕದವರು ಎಂದು 2016-18ರ ರಾಷ್ಟ್ರೀಯ ಪೋಷಣ ಸಮೀಕ್ಷೆ ತಿಳಿಸುತ್ತದೆ. ಆಟವು ಆ ಐವರ ಚಿಕಿತ್ಸೆಯಾದರೆ ಉಳಿದವರ ಗತಿಯೇನು? ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ತೂಕವು ಒಂದು ಗುಂಜಿಯಷ್ಟೂ ಇಳಿಯದಿದ್ದರೂ ಓಡಿದ ಮಗುವಿಗೆ ಆ ಲಾಭವುಂಟು, ಎಲುಬಿಗೆ ಬಲವುಂಟು. ಸ್ಥೂಲತೆಯ ನಿವಾರಣೆಯ ಭಾರವನ್ನು ಬಹುಮಟ್ಟಿಗೆ ಆಹಾರವೇ ಹೊರಬೇಕು. ಶಾಲೆಯಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆಗಳು ಅತಿಯಾದ ತಿನಿಸನ್ನು ಮಾರಬಾರದೆಂಬ 2020ರ ನಿಯಮವನ್ನು ಜಾರಿಗೆ ತರುವವರ ಹೊಣೆ ಅದು, ಮೈದಾನದ ಮಕ್ಕಳದಲ್ಲ.

ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಅನಾಥ ಸೇವಾಶ್ರಮದಲ್ಲಿ ಯೋಗ ವ್ಯಾಯಾಮಗಳನ್ನು ಕಲಿಸಿದರು. ‘ರೂಪದರ್ಶಿ’ಯನ್ನು ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದರು. ಆ ಹಿರಿಯರಿಗೆ ದೇಹಸಾಧನೆಯು ವಿದ್ಯೆಯಾಗಿತ್ತು, ಚಿಕಿತ್ಸೆಯಾಗಿರಲಿಲ್ಲ. ಇಂದು ಹತ್ತನೆಯ ತರಗತಿ ಬಂದೊಡನೆ ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಸಲ್ಲುತ್ತದೆ. ಅದಕ್ಕೂ ಮೊದಲೇ, ಏಳನೆಯ ತರಗತಿಯ ಸುಮಾರಿಗೆ, ಕುಂಟೆಬಿಲ್ಲೆ, ಖೋಖೋ ಆಡುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮೈದಾನದಿಂದ ಮರೆಯಾಗುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲು ಬೇಕೆಂದು ವಿಧಿಸಿದೆ. ಅಲ್ಲಿ ಆಡುವವರು ಯಾರೆಂಬುದನ್ನು ನೋಡುವ ಹೊಣೆ ನಮ್ಮದು.

ನಾಳೆ ಸಂಜೆ ತಾವು ನಿರ್ಣಯವನ್ನು ಅಂಗೀಕರಿಸಲಿದ್ದೀರಿ. ಎಷ್ಟು ಮಕ್ಕಳ ತೂಕ ಇಳಿಯಿತೆಂಬುದನ್ನು ದಯಮಾಡಿ ಅದರ ಗುರಿಯಾಗಿ ಬರೆಯಬೇಡಿ. ಪ್ರತಿಯೊಂದು ಶಾಲೆಯಲ್ಲೂ ವಾರಕ್ಕೆ ಎಷ್ಟು ಗಂಟೆ ಆಟ ನಡೆಯಿತು, ಹುಡುಗರೆಷ್ಟು, ಹುಡುಗಿಯರೆಷ್ಟು ಮಂದಿ ಆಡಿದರು ಎಂಬುದನ್ನು ಬರೆದಿಡಬೇಕೆಂದು ಕೇಳಿ. ತೂಕ ನೋಡಲೇಬೇಕಾದಲ್ಲಿ ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಕರೆದು ನೋಡಬೇಕೆಂದೂ ಸೇರಿಸಿ.