ನಿಮ್ಮ ಹೆಸರಲ್ಲಿ ಕೇಸ್ ಇದೆಯಾ? ನೀವೇ ನೋಡ್ಕೊಳ್ಳಿ

ಇವತ್ತಿನ ವಿಷಯ ಬಂದಿದ್ದು ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ. "ಅಣ್ಣಾ, ಐದು ವರ್ಷದ ಹಿಂದೆ ಊರ ಜಾತ್ರೇಲಿ ಗಲಾಟೆ ಆಗಿತ್ತು. ಸ್ಟೇಷನ್‌ನಲ್ಲಿ ರಾಜಿ ಮಾಡಿಸಿ ಕಳಿಸಿದ್ರು. ಈಗ ಕೆಲಸ ಸಿಕ್ಕಿದೆ, ಪೊಲೀಸ್ ವೆರಿಫಿಕೇಶನ್ ಕೇಳ್ತಿದ್ದಾರೆ. ಏನಾದ್ರೂ ಬರುತ್ತಾ?"

ಬರಬಹುದು. ರಾಜಿ ಆಗಿದ್ದು ಎಫ್‌ಐಆರ್‌ಗೆ ಮುಂಚೆನಾ, ಆಮೇಲಾ ಅನ್ನೋದೇ ಪ್ರಶ್ನೆ. ಮುಂಚೆ ಆಗಿದ್ರೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿರ್ತಾರೆ. ಎಫ್‌ಐಆರ್ ಆದ ಮೇಲೆ ಸ್ಟೇಷನ್‌ನಲ್ಲಿ ಕೈ ಕುಲುಕಿದ ಮಾತ್ರಕ್ಕೆ ಕೇಸ್ ಮುಗಿಯಲ್ಲ. ಪೊಲೀಸರು ಬಿ ರಿಪೋರ್ಟ್ ಹಾಕಿ ಅದನ್ನ ಕೋರ್ಟ್ ಒಪ್ಪಬೇಕು, ಅಥವಾ ಕೋರ್ಟ್‌ನಲ್ಲೇ ಇತ್ಯರ್ಥ ಆಗಬೇಕು, ಇಲ್ಲಾಂದ್ರೆ ಹೈಕೋರ್ಟ್ ರದ್ದು ಮಾಡಬೇಕು. ಇದನ್ನ ಸ್ಟೇಷನ್‌ನಲ್ಲಿ ಯಾರೂ ಬಿಡಿಸಿ ಹೇಳಲ್ಲ, ನಮ್ಮ ಹುಡುಗರೂ ಕೇಳಲ್ಲ.

ಆಧಾರ್ ನಂಬರ್ ಹೊಡೆದ್ರೆ ತೆರೆದುಕೊಳ್ಳೋ 'ಕ್ರಿಮಿನಲ್ ರೆಕಾರ್ಡ್' ಅನ್ನೋ ಒಂದೇ ಫೈಲ್ ನಮ್ಮಲ್ಲಿಲ್ಲ. ಹಾಗಾಗಿ ಕೋರ್ಟ್ ಕಡೆಯಿಂದ ಹುಡುಕಿ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಫ್ರೀ. ರಾಜ್ಯ, ಜಿಲ್ಲೆ, ಕೋರ್ಟ್ ಆರಿಸಿ ಪಾರ್ಟಿ ನೇಮ್‌ನಲ್ಲಿ ಹೆಸರು, ವರ್ಷ ಹಾಕಿ. ನೀವೀಗ ಇರೋ ಬೆಂಗಳೂರಲ್ಲ, ಗಲಾಟೆ ನಡೆದ ಜಾಗದ ಕೋರ್ಟ್ ಆರಿಸಬೇಕು. ವರ್ಷ ಅಂದ್ರೆ ಜಾತ್ರೆಯ ವರ್ಷವೂ ಅಲ್ಲ, ಕೇಸ್ ಕೋರ್ಟ್‌ನಲ್ಲಿ ದಾಖಲಾದ ವರ್ಷ. ಚಾರ್ಜ್‌ಶೀಟ್ ತಡವಾಗಿ ಬಂದಿರಬಹುದು, ಮುಂದಿನ ಮೂರ್ನಾಲ್ಕು ವರ್ಷನೂ ನೋಡಿ. ಬಾಕಿ ಕೇಸ್ ಮಾತ್ರ ಅಲ್ಲ, ಮುಗಿದಿರೋದನ್ನೂ ನೋಡಿ.

ಹೆಚ್ಚಿನವರು ಎಡವೋದು ಸ್ಪೆಲ್ಲಿಂಗ್‌ನಲ್ಲಿ. ನಿಮ್ಮ ಹೆಸರು ಮಂಜುನಾಥ ಅಂತಿಟ್ಕೊಳ್ಳಿ. ಇಂಗ್ಲಿಷ್‌ನಲ್ಲಿ ಕೊನೆಗೆ 'ಎ' ಇರಬಹುದು, ಇಲ್ಲದಿರಬಹುದು, 'ಟಿ' ಪಕ್ಕದ 'ಎಚ್' ಹಾರಿಹೋಗಿರಬಹುದು. ಬರೀ 'ಮಂಜು' ಅಂತಲೂ ಬರೆದಿರ್ತಾರೆ. ಎಲ್ಲಾ ಥರ ಹೊಡೆದು ನೋಡಿ. ಆಗ ಊರಿನ ಎಲ್ಲಾ ಮಂಜುನಾಥರೂ ಸಾಲಾಗಿ ಬರ್ತಾರೆ, ಗಾಬರಿ ಬೇಡ. ಪೊಲೀಸ್ ಕಾಗದದಲ್ಲಿ 'ಬಿನ್' ಅಂತ ಇರುತ್ತಲ್ಲ, ಅದರ ಮುಂದಿರೋ ಅಪ್ಪನ ಹೆಸರು, ವಯಸ್ಸು, ಊರು ತಾಳೆ ನೋಡಿ.

ಎಫ್‌ಐಆರ್ ಬಗ್ಗೆ ಹೇಳೋದಾದ್ರೆ, 24 ಗಂಟೆಯೊಳಗೆ ಅದನ್ನ ವೆಬ್‌ಸೈಟ್‌ಗೆ ಹಾಕ್ಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸ್‌ಗಳಿಗೆ ವಿನಾಯಿತಿ ಇದೆ. ಆದ್ರೆ ಗಲಾಟೆ ಕೇಸ್‌ಗಳಲ್ಲಿ ನಾಲ್ಕು ಹೆಸರು ಬರೆದು 'ಮತ್ತು ಇತರರು' ಅಂತ ಮುಗಿಸಿರ್ತಾರೆ. ಆ ಇತರರಲ್ಲಿ ನೀವಿದ್ರೆ ಹೆಸರು ಸಿಗೋದು ಚಾರ್ಜ್‌ಶೀಟ್‌ನಲ್ಲೇ. ಅದಕ್ಕೇ ಎಫ್‌ಐಆರ್‌ನಲ್ಲಿ ಇಲ್ಲ ಅಂತ ನಿಟ್ಟುಸಿರು ಬಿಡಬೇಡಿ.

ಸ್ಟೇಷನ್‌ಗೆ ಆರ್‌ಟಿಐ ಹಾಕಬಹುದು, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ. ತನಿಖೆ ನಡೀತಿದ್ರೆ ಮಾಹಿತಿ ನಿರಾಕರಿಸೋಕೆ ಅವರಿಗೆ ಅವಕಾಶ ಇದೆ.

ಸರ್ಟಿಫಿಕೇಟ್ ಬೇಕಂದ್ರೆ ಇಲ್ಲಿನ ಕೆಲಸಕ್ಕೆ ಸೇವಾ ಸಿಂಧು, ವಿದೇಶಕ್ಕೆ ಪಾಸ್‌ಪೋರ್ಟ್ ಸೇವಾ.

ಇನ್ನು ಕಂಪನಿ ಫಾರ್ಮ್‌ನಲ್ಲಿ 'ಕೇಸ್ ಬಾಕಿ ಇದೆಯಾ' ಅನ್ನೋ ಕಾಲಂ. ಇದ್ರೆ ಇದೆ ಅಂತಲೇ ಬರೀರಿ. 2016ರ ಅವತಾರ್ ಸಿಂಗ್ ತೀರ್ಪು ಸರ್ಕಾರಿ ನೌಕರಿಗೆ ಸಂಬಂಧಪಟ್ಟಿದ್ದು. ಸಣ್ಣ ಕೇಸ್ ಆದ್ರೆ ಅದರ ಸ್ವರೂಪ ನೋಡಿ ನಿರ್ಧರಿಸಬಹುದು ಅಂತ ಅದ್ರಲ್ಲಿದೆ. ಮುಚ್ಚಿಟ್ರೆ ಆ ಸುಳ್ಳೇ ಕೆಲಸ ಕಳೆಯಬಹುದು.

ವಾಯ್ಸ್ ನೋಟ್ ಕಳಿಸಿದ ತಮ್ಮಾ, ಇವತ್ತು ರಾತ್ರಿನೇ ಹುಡುಕು. ಸಿಕ್ಕಿದ್ರೆ ಅಲ್ಲಿರೋ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಬರೆದಿಟ್ಕೊ. ಅದನ್ನ ನನಗೆ ಕಳಿಸಬೇಡ, ನಿಮ್ಮೂರ ವಕೀಲರಿಗೆ ಕೊಡು.