ನಮ್ಮ ಊರಿನ ಮಾರಿಸ್ ಮೈನರ್

ಮಾರಿಸ್ ಮೈನರ್ ಎಂಬ ಪುಟ್ಟ ಕಾರು ಇಂಗ್ಲೆಂಡಿನಲ್ಲಿ ಹೊರಬಂದದ್ದು 1948ರಲ್ಲಿ. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್, ಮೊದಲ ಮಾದರಿಯ ಅಗಲ ಸಾಲದೆನಿಸಿ, ಅದನ್ನು ನಡುವೆ ಉದ್ದಕ್ಕೆ ಸೀಳಿಸಿ 4 ಅಂಗುಲ ಹಿಗ್ಗಿಸಿದರು. 1950ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನೇ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ತಯಾರಿಸಿತು.

ಅಂಥದೊಂದು ಗಾಡಿ, ಹಲವರ ಕೈ ದಾಟಿ, 1970ರ ದಶಕದಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದೆ ಬಂದು ನಿಂತಿತು. ತಿರುಗುವಾಗ ಬಾಗಿಲಿನ ಹಿಂಬದಿಯಿಂದ ಪುಟ್ಟದೊಂದು ಕೈ ಹೊರಚಾಚಿ ದಿಕ್ಕು ತೋರುತ್ತಿತ್ತು. ಚಳಿಯ ಬೆಳಗ್ಗೆ ಹ್ಯಾಂಡಲ್ ತಿರುಗಿಸಿದರೂ ಎಂಜಿನ್ ಏಳದಿದ್ದರೆ ನೆರೆಯವರು ಬಂದು ನೂಕುತ್ತಿದ್ದರು. ನೂಕಿದವರಿಗೆ ಕೂರುವ ಹಕ್ಕೂ ಉಂಟಷ್ಟೆ!

ಹೀಗಾಗಿ ಅದು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲಗಳನ್ನು ಹೊತ್ತಿತು. ಚಿಂತಾಮಣಿಗೆ ಮದುಮಗನನ್ನು ಕರೆದೊಯ್ದಿತು. ಒಂದು ಮಳೆಯ ರಾತ್ರಿ ಗೌರಿಬಿದನೂರು ದಾರಿಯ ಹಳ್ಳಿಯಿಂದ ಹೆರಿಗೆನೋವಿನ ಹೆಣ್ಣುಮಗಳೊಬ್ಬಳನ್ನು ವೇಳೆಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸಿತು. ನಾಲ್ವರ ಗಾಡಿಯಲ್ಲಿ ಏಳು ಜನ ಕೂತಾಗ, ಇಸಿಗೋನಿಸರ ಆ 4 ಅಂಗುಲವನ್ನು ಮನಸ್ಸಿನಲ್ಲೇ ವಂದಿಸುತ್ತಿದ್ದೆ.

ಈಗ ಅದು ಓಡುವುದಿಲ್ಲ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಾರೆ. ಮನೆಯವರಿಗೆ ಜಾಗ ಬೇಕು. ಅವರ ಮಾತೂ ನ್ಯಾಯವೇ. ದಾಖಲೆಯ ಪುಸ್ತಕದಲ್ಲಿರುವುದು ನನ್ನೊಬ್ಬನ ಹೆಸರು. ಆದರೆ ಇಷ್ಟು ಜನ ನೂಕಿ ನಡೆಸಿದ ಗಾಡಿಯನ್ನು ನಾನೊಬ್ಬನೇ ಹೇಗೆ ಮಾರಲಿ?